ಬಣ್ಣ ಮಾಸದ ಕಲ್ಲು

ಬಣ್ಣದಕ್ಕ ಎಂದರೆ ಆ ಕಣಿವೆಯಲ್ಲಿ ಎಲ್ಲರಿಗೂ ಗೊತ್ತು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು. ಅದನ್ನು ಹಿಡಿದು ಕರೆಯುವವರು ಒಬ್ಬೊಬ್ಬರಾಗಿ ಇಲ್ಲವಾದ ಮೇಲೆ ಆಕೆಗೂ ಅದು ಮರೆತುಹೋದಂತೆಯೇ ಆಗಿತ್ತು. ಮೂವತ್ತೊಂದು ವರ್ಷ ಆಕೆ ಬಣ್ಣ ಬಳಿದಳು. ಗೋಡೆಗಲ್ಲ, ಬಾಗಿಲಿಗಲ್ಲ, ಬೆಟ್ಟದ ತೊರೆಯ ಕಲ್ಲುಗಳಿಗೆ. ಬಲಗೈ ಹೆಬ್ಬೆರಳಿನ ಉಗುರಿನ ಸಂದಿಯಲ್ಲಿ ಹಳದಿ ಎನಾಮೆಲ್ ಸೇರಿಕೊಂಡುಬಿಟ್ಟಿತ್ತು. ಸೀಮೆಎಣ್ಣೆ ಹಾಕಿ ಉಜ್ಜಿದರೂ ಅದು ಹೋಗುತ್ತಿರಲಿಲ್ಲ.

ಗಂಡ ಅಳತೆಗಾರ. ತೊರೆಯು ಬೆಟ್ಟದಿಂದ ಇಳಿದು ಬಯಲಿಗೆ ಕಾಲಿಡುವ ಕಡೆ ಇಲಾಖೆಯವರು ಒಂದು ಅಡ್ಡಗಟ್ಟೆ ಕಟ್ಟಿ, ಅದರ ಹಿಂದೆ ಕೋಣೆಯಷ್ಟು ಅಗಲದ ಗುಂಡಿ ತೋಡಿಸಿದ್ದರು. ಮಳೆ ಬಂದಾಗ ತೊರೆ ಹೊತ್ತುತಂದ ಮರಳು, ಜಲ್ಲಿ, ಗುಂಡುಗಲ್ಲು ಆ ಗುಂಡಿಗೆ ಬಿದ್ದು ನಿಲ್ಲುತ್ತಿತ್ತು. ಅದು ಎಷ್ಟು ತುಂಬಿತು ಎಂದು ಕೋಲು ಇಳಿಬಿಟ್ಟು ನೋಡುವುದು, ಬರೆದಿಡುವುದು, ಆಮೇಲೆ ಗುಂಡಿಯನ್ನು ಖಾಲಿ ಮಾಡಿಸುವುದು ಅವನ ಕೆಲಸ. ಇನ್ನೊಂದು ಕೆಲಸವೂ ಇತ್ತು. ಪ್ರತಿವರ್ಷ ಮಳೆಗೆ ಮುಂಚೆ ನೂರು ಕಲ್ಲುಗಳನ್ನು ಆಯ್ದು ತೂಕ ಮಾಡಿ, ಉದ್ದಗಲ ಬರೆದುಕೊಂಡು, ಹಳದಿ ಬಣ್ಣ ಬಳಿದು, ಮೇಲೆ ಕಪ್ಪಿನಲ್ಲಿ ನಂಬರು, ಬುಡದಲ್ಲಿ ವರ್ಷ ಹಾಕಿ, ತೊರೆಯ ಎತ್ತರದ ಜಾಗದಲ್ಲಿ ಸಾಲಾಗಿ ಇಟ್ಟುಬರಬೇಕು. ಪ್ರತಿ ನೆರೆ ಇಳಿದ ಮೇಲೆ ಅವನ್ನು ಹುಡುಕಿ, ದಡದಲ್ಲಿ ನೆಟ್ಟ ಗೂಟದಿಂದ ಟೇಪು ಹಿಡಿದು, ಯಾವ ಕಲ್ಲು ಎಷ್ಟು ದೂರ ಬಂದಿದೆ ಎಂದು ಪುಸ್ತಕದಲ್ಲಿ ಬರೆಯಬೇಕು. ನೀರು ಹೋದಹಾಗೆ ಕಲ್ಲೂ ಹೋಗುತ್ತದೆ ಎಂದು ನಾವು ತಿಳಿದಿರುತ್ತೇವೆ. ಕಲ್ಲು ಹಾಗೆ ಹೋಗುವುದಿಲ್ಲ. ವರ್ಷದಲ್ಲಿ ಒಂದು ಗಳಿಗೆ ಉರುಳುತ್ತದೆ, ಮಿಕ್ಕ ವರ್ಷವೆಲ್ಲ ಕೂತಿರುತ್ತದೆ. ಯಾವ ಗಳಿಗೆ, ಎಷ್ಟು ದೂರ ಎಂಬುದೇ ಇಲಾಖೆಗೆ ಬೇಕಾದದ್ದು.

ಅಳತೆ ಅವನದು, ಬಣ್ಣ ಆಕೆಯದು. ಹತ್ತೊಂಬತ್ತಕ್ಕೆ ಮದುವೆಯಾಗಿ ಅಡ್ಡಗಟ್ಟೆಯ ಪಕ್ಕದ ಎತ್ತರದ ತಗಡಿನ ಮನೆಗೆ ಬಂದ ಮೊದಲ ವರ್ಷವೇ ಅವನು ಕುಂಚವನ್ನು ಆಕೆಯ ಕೈಗೆ ಕೊಟ್ಟ. ಅವನ ಅಂಕಿ ಕಾಗೆಕಾಲಿನಂತೆ ಇರುತ್ತಿತ್ತು. ಆಕೆಯ ಅಂಕಿ ಅಚ್ಚು ಹೊಡೆದಂತೆ. ಇಲಾಖೆಯ ಸಂಬಳದ ಪಟ್ಟಿಯಲ್ಲಿ ಆಕೆ ಎಲ್ಲೂ ಇರಲಿಲ್ಲ. ತಂಗಿಯ ಗಂಡ ಇಲಾಖೆಯ ಲಾರಿ ಓಡಿಸುತ್ತಿದ್ದವನು ಒಮ್ಮೆ ಚಹಾ ಕುಡಿಯುತ್ತ, "ನಮ್ಮ ಷಡ್ಡಕರ ಮನೇಲಿ ಕಲ್ಲಿಗೂ ನಂಬರಿದೆ, ಹೆಂಡ್ತಿಗೇ ಇಲ್ಲ" ಎಂದಿದ್ದ. ಎಲ್ಲರೂ ನಕ್ಕಿದ್ದರು. ಆಕೆಯೂ ನಕ್ಕಿದ್ದಳು.

ತಂಗಿಯ ವಿಷಯವನ್ನು ಇಲ್ಲೇ ಹೇಳಿಬಿಡಬೇಕು. ಅಕ್ಕತಂಗಿಯರ ನಡುವೆ ಹದಿನೈದು ವರ್ಷದ ಅಂತರ. ತಾಯಿ ತೀರಿಕೊಂಡಾಗ ತಂಗಿಗೆ ನಾಲ್ಕು ತುಂಬಿರಲಿಲ್ಲ. ಬಣ್ಣದಕ್ಕ ಮದುವೆಯಾಗಿ ಬಂದಾಗ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ತಂಗಿ. ಆಕೆಗೆ ಮಕ್ಕಳಾಗಲಿಲ್ಲ. ತಂಗಿಯೇ ಮಗಳೂ ಆದಳು. ಬಣ್ಣ ಬೇಗ ಒಣಗಲೆಂದು ಕಲ್ಲಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೆನ್ನೆ ಉಬ್ಬಿಸಿ ಉಫ್ ಉಫ್ ಎಂದು ಊದುತ್ತಿದ್ದ ಆ ಪುಟ್ಟ ಮುಖವನ್ನು ಬಣ್ಣದಕ್ಕ ಕೊನೆಯವರೆಗೂ ಮರೆಯಲಿಲ್ಲ.

ಅಳತೆಗಾರನಲ್ಲಿ ಒಳ್ಳೆಯದೂ ಒಂದಿತ್ತು: ಅವನಿಗೆ ತೊರೆ ಗೊತ್ತಿತ್ತು. ಮೊದಲ ವರ್ಷಗಳಲ್ಲಿ ಹೆಂಡತಿಯನ್ನು ಜೊತೆಗೆ ಕರೆದುಕೊಂಡು ಹತ್ತಿ, ತೊರೆ ಮೆಟ್ಟಿಲುಮೆಟ್ಟಿಲಾಗಿ ಇಳಿಯುವುದನ್ನು ತೋರಿಸಿದ. ದೊಡ್ಡ ಬಂಡೆಗಳು ಒಂದಕ್ಕೊಂದು ಭುಜ ಕೊಟ್ಟು ನಿಂತರೆ ಒಂದು ಮೆಟ್ಟಿಲು. ನೀರು ಅದರ ಮೇಲಿಂದ ಬಿದ್ದು ಕೊರೆದದ್ದು ಮಡು. ಅಡ್ಡಗಟ್ಟೆಯಿಂದ ಎಣಿಸಿದರೆ ಹನ್ನೊಂದು ಮೆಟ್ಟಿಲು. ಏಳನೆಯದು ಎಲ್ಲಕ್ಕಿಂತ ಎತ್ತರ, ಎರಡಾಳು ಮಟ್ಟ. ಒಂದು ಸಲ ಒಂಬತ್ತನೆಯ ಮೆಟ್ಟಿಲ ಹತ್ತಿರ ಮರಳು ಕೆದಕಿದಾಗ, ಮೂರು ವರ್ಷದ ಹಿಂದೆ ಕಳೆದುಹೋಗಿದ್ದ ಕಲ್ಲೊಂದು ನಿನ್ನೆ ಬಳಿದಂತೆ ಹೊಳೆಯುತ್ತ ಸಿಕ್ಕಿತು. ಆಕೆಗೆ ಆಶ್ಚರ್ಯ. ಅವನು ಅದನ್ನು ಅಂಗೈಯಲ್ಲಿ ಹೊರಳಿಸಿ ಹೇಳಿದ್ದ:

"ಮರಳಿನಡಿ ಮಲಗಿದ ಕಲ್ಲಿಗೆ ಬಣ್ಣ ಮಾಸೋದಿಲ್ಲ. ಉರುಳಿದ್ದಕ್ಕೇ ಮಾಸೋದು. ಬಣ್ಣ ಹೊಸದಾಗಿ ಕಂಡ್ರೆ ಅದು ಇಷ್ಟು ದಿನ ಮಲಗಿತ್ತು ಅಂತ ತಿಳ್ಕೋ."

ಅವನು ಆಕೆಗೆ ಪ್ರೀತಿಯಿಂದ ಹೇಳಿದ ಮಾತುಗಳು ಬೆರಳೆಣಿಕೆಯಷ್ಟು. ಇದು ಅವುಗಳಲ್ಲಿ ಒಂದು.

ಮದುವೆಯಾದ ಹದಿನೇಳನೆಯ ವರ್ಷ ಅವನು ನಾಲ್ಕನೆಯ ಮೆಟ್ಟಿಲಿನಲ್ಲಿ ಕಾಲು ಜಾರಿ ಬಿದ್ದು ಮಂಡಿ ಮುರಿದುಕೊಂಡ. ಮೂಳೆ ಕೂಡಿತು, ಮಂಡಿ ಮಡಿಸಲು ಬರಲಿಲ್ಲ. ಇಲಾಖೆಗೆ ತಿಳಿದರೆ ಕೆಲಸ ಹೋಗುತ್ತದೆ ಎಂದು ಸುದ್ದಿ ಹೊರಗೆ ಬಿಡಲಿಲ್ಲ. ಅಂದಿನಿಂದ ಅವನು ಮೂರನೆಯ ಮೆಟ್ಟಿಲ ಬಳಿಯ ಚಪ್ಪಟೆ ಬಂಡೆಯ ಮೇಲೆ ಪುಸ್ತಕ ಬಿಚ್ಚಿಕೊಂಡು ಕೂರುವನು, ಆಕೆ ಒಬ್ಬಳೇ ಮೇಲೆ ಹತ್ತಿ, ಹುಡುಕಿ, ಅಳೆದು, ಇಳಿದುಬಂದು ನಂಬರು ಹೇಳುವಳು, ಅವನು ಬರೆಯುವನು.

ಕಲ್ಲು ಹುಡುಕುವುದು ಹೇಳಿದಷ್ಟು ಸುಲಭವಲ್ಲ. ನೂರರಲ್ಲಿ ಎಪ್ಪತ್ತು ಸಿಗದಿದ್ದರೆ ಆ ವರ್ಷದ ಲೆಕ್ಕವೇ ಅನೂರ್ಜಿತ ಎಂದು ಇಲಾಖೆಯ ನಿಯಮ. ಆಕೆ ಒಬ್ಬಳೇ ಹತ್ತಿದ ಮೊದಲ ವರ್ಷ ಸಿಕ್ಕಿದ್ದು ಅರವತ್ತೆರಡು. ಮೇಲಿನ ಕಚೇರಿಯಿಂದ 'ಶ್ರದ್ಧೆಯ ಕೊರತೆ' ಎಂಬ ಎರಡು ಸಾಲಿನ ಕಾಗದ ಬಂತು. ಅಳತೆಗಾರ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು, ಊಟಕ್ಕೆ ಕೂತಾಗ ತಟ್ಟೆಯನ್ನು ಬಾಗಿಲಾಚೆಗೆ ಎಸೆದ.

"ನಿನ್ನ ಕಣ್ಣು ಮುಖದ ಮೇಲಿದೆಯೋ, ಹಿತ್ತಲಲ್ಲಿ ಒಣಗಹಾಕಿ ಬಂದಿದ್ದೀಯೋ?"

ಆಮೇಲೆ ಹನ್ನೊಂದು ದಿನ ಮಾತಿಲ್ಲ. ನೀರು ಬೇಕಾದರೆ ಲೋಟಕ್ಕೆ ಚಮಚ ಬಡಿಯುತ್ತಿದ್ದ. ಆಕೆ ಎದ್ದು ಹೋಗಿ ತುಂಬಿಸಿ ಕೊಡುತ್ತಿದ್ದಳು. ಹನ್ನೊಂದು ದಿನ ಆ ಮನೆಯಲ್ಲಿ ಕೇಳಿಸಿದ್ದು ತೊರೆಯ ಸದ್ದು ಮತ್ತು ಆ ಟಣ್ ಟಣ್.

ಮರುವರ್ಷ ಸಿಕ್ಕಿದ್ದು ಅರವತ್ತನಾಲ್ಕು. ಮಿಕ್ಕವನ್ನು ಹುಡುಕಿ ಹುಡುಕಿ ಉಗುರು ಕಿತ್ತುಬಂದ ಮೇಲೆ, ಆಕೆಗೊಂದು ಉಪಾಯ ಹೊಳೆಯಿತು. ಪುಸ್ತಕದಲ್ಲಿ ಪ್ರತಿ ಕಲ್ಲಿನ ತೂಕವೂ ಉದ್ದಗಲವೂ ಇದ್ದವು. ಅದೇ ತೂಕದ ಏಳು ಕಲ್ಲು ಆಯ್ದಳು. ಬಣ್ಣ ಬಳಿದಳು, ಕಳೆದವುಗಳ ನಂಬರು ಹಾಕಿದಳು, ಒಲೆಯ ಪಕ್ಕ ಒಣಗಿಸಿ ಮರಳಿನಲ್ಲಿ ಹಾಕಿ ತಿಕ್ಕಿದಳು. ಉಳಿದವು ಸಿಕ್ಕಿದ ಜಾಗದ ಆಸುಪಾಸಿನಲ್ಲಿ, ಏಳನೆಯ ಮೆಟ್ಟಿಲಿನ ಕೆಳಗೆ ಇಟ್ಟು, ಇಳಿದುಬಂದು ಎಪ್ಪತ್ತೊಂದು ನಂಬರು ಹೇಳಿದಳು. ಅಂದು ಗಂಡ ಎರಡು ಸಲ ಅನ್ನ ಬಡಿಸಿಕೊಂಡ.

ಕಳೆದ ಕಲ್ಲು ಕಳೆದೇ ಹೋಯಿತು, ಅದರ ಬದಲು ಇನ್ನೊಂದು ಕಲ್ಲು ಇದ್ದರೆ ಯಾರ ಗಂಟು ಹೋಗುತ್ತದೆ ಎಂದು ಆಕೆ ತನಗೆ ತಾನೇ ಸಮಾಧಾನ ಹೇಳಿಕೊಂಡಳು. ತಮಾಷೆಯೆಂದರೆ, ಆಕೆ ಇಟ್ಟ ಕಲ್ಲುಗಳು ಮುಂದಿನ ನೆರೆಯಲ್ಲಿ ನಿಜವಾಗಿಯೇ ಉರುಳುತ್ತಿದ್ದವು. ಒಮ್ಮೆ ಇಟ್ಟ ಮೇಲೆ ಸುಳ್ಳು ತನ್ನ ಕಾಲಮೇಲೆ ತಾನೇ ನಡೆಯುತ್ತಿತ್ತು. ಆಕೆ ಹಿಂದೆ ಹೋಗಿ ದೂರ ಅಳೆದರೆ ಸಾಕು. ಒಂಬತ್ತು ಮಳೆಗಾಲದಲ್ಲಿ ಹಾಗೆ ಇಟ್ಟ ಕಲ್ಲುಗಳು ಅರವತ್ತಮೂರು. ಯಾವ ವರ್ಷ ಯಾವ ನಂಬರು ಎಂದು ಎಲ್ಲವೂ ಆಕೆಗೆ ಬಾಯಿಪಾಠವಾಗಿತ್ತು.

ಕಲ್ಲುಗಳು ಯಾಕೆ ಹೀಗೆ ಕಳೆಯುತ್ತಿವೆ ಎಂಬುದೂ ಆಕೆಗೆ ಕಂಡಿತ್ತು. ಗಂಡನ ಮಂಡಿ ಮುರಿದ ವರ್ಷವೇ ದಡದ ಹೆಮ್ಮರವೊಂದು ಬೇರುಸಮೇತ ಉರುಳಿ ಏಳನೆಯ ಮೆಟ್ಟಿಲಿನ ಬಂಡೆಗಳಿಗೆ ಅಡ್ಡ ಸಿಕ್ಕಿಕೊಂಡಿತ್ತು. ಕೊಂಬೆಯ ಹಿಂದೆ ಎಲೆ, ಎಲೆಯ ಹಿಂದೆ ಮರಳು, ಮರಳ ಹಿಂದೆ ಕಲ್ಲು ನಿಂತವು. ಮೊದಲು ಮಡು ತುಂಬಿತು. ಆಮೇಲೆ ಎಂಟನೆಯ ಮೆಟ್ಟಿಲೇ ಹೂತುಹೋಯಿತು. ನೀರು ಮಾತ್ರ ನುಣ್ಣಗೆ ಮೇಲಿಂದ ಜಾರಿ ಕೆಳಗೆ ಬೀಳುತ್ತಿತ್ತು. ಅದು ಹೊತ್ತುತಂದದ್ದೆಲ್ಲ ಮೇಲೆಯೇ ಉಳಿಯುತ್ತಿತ್ತು. ಆಕೆಯ ಹಳದಿ ಕಲ್ಲುಗಳೂ ಅಲ್ಲೇ ಎಲ್ಲೋ ಮಲಗಿದ್ದವು.

ಒಮ್ಮೆ ಗಂಡನಿಗೆ ಹೇಳಲು ಹೋದಳು. ಮಡು ತುಂಬಿಹೋಗಿದೆ, ಮರ ಅಡ್ಡ ಬಿದ್ದಿದೆ, ಮೇಲೆ ಗುಡ್ಡದ ಹಾಗೆ ಬೆಳೀತಿದೆ ಎಂದಳು. ಅವನು ಪುಸ್ತಕದಿಂದ ತಲೆ ಎತ್ತಲಿಲ್ಲ.

"ನಾನು ಕೇಳಿದ್ದು ನಂಬರು. ಕಥೆ ಅಲ್ಲ."

ಆಕೆ ನಂಬರು ಹೇಳಿದಳು.

ಆಗ ಬಂದರು ಹೊಸ ಸಾಹೇಬರು. ರಸ್ತೆ ವಿಭಾಗದಿಂದ ವರ್ಗವಾಗಿ ಬಂದವರು. ಕಚೇರಿಯಲ್ಲಿ ಯಾರಿಗೂ ಏರುದನಿಯಲ್ಲಿ ಮಾತಾಡದ, ಒಳ್ಳೆಯ ಮನುಷ್ಯ. ಕೆಲಸಗಾರರು ಒಂದೊಂದು ಕೋಣೆಯಲ್ಲಿ ಎರಡೆರಡು ಸಂಸಾರ ಇರುವುದನ್ನು ನೋಡಿ ಅವರಿಗೆ ಮನಸ್ಸು ಕರಗಿತು. ಅಡ್ಡಗಟ್ಟೆಯ ಕೆಳಗೆ ತೊರೆಯ ಎಡಕ್ಕೆ ವಿಶಾಲವಾದ ಸಮನಾದ ಜಾಗವಿತ್ತು. ಅಲ್ಲಿ ಇಪ್ಪತ್ತೆರಡು ಮನೆ ಕಟ್ಟಿಸುತ್ತೇನೆ ಎಂದು ಪಟ್ಟುಹಿಡಿದರು. ಅಷ್ಟು ಸಮವಾದ ಜಾಗ ಬೆಟ್ಟದ ಬುಡದಲ್ಲಿ ಎಲ್ಲಿಂದ ಬಂತು, ಅದನ್ನು ಹಾಸಿದವರು ಯಾರು ಎಂದು ಅವರು ಕೇಳಲಿಲ್ಲ. ಆದರೆ ನಿಯಮದಂತೆ ಅಳತೆಯ ಪುಸ್ತಕ ತರಿಸಿ ನೋಡಿದರು. ಗುಂಡಿ ಒಂಬತ್ತು ವರ್ಷದಿಂದ ವರ್ಷವರ್ಷಕ್ಕೂ ಕಡಿಮೆ ತುಂಬುತ್ತಿದೆ. ಬಣ್ಣದ ಕಲ್ಲುಗಳು ಮಾತ್ರ ಏಳನೆಯ ಮೆಟ್ಟಿಲು ದಾಟಿ ಸಲೀಸಾಗಿ ಬರುತ್ತಿವೆ. ಅಂದರೆ ದಾರಿಯಲ್ಲಿ ಎಲ್ಲೂ ತಡೆಯಿಲ್ಲ. ಬೆಟ್ಟದ ಮೇಲೆಯೇ ಉರುಳಿಬರುವ ಸರಕು ಮುಗಿದಿದೆ, ಕೆಳಗೆ ಮನೆ ಕಟ್ಟಿದರೆ ಭಯವಿಲ್ಲ. ಪುಸ್ತಕ ನಿಜವಾಗಿದ್ದರೆ ಆ ತರ್ಕದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ಇಷ್ಟು ಅಚ್ಚುಕಟ್ಟಾದ ಪುಸ್ತಕವನ್ನು ತಾವು ಎಲ್ಲೂ ನೋಡಿಲ್ಲವೆಂದು ಸಾಹೇಬರು ನಾಲ್ಕು ಜನರ ಮುಂದೆ ಅಳತೆಗಾರನ ಬೆನ್ನು ತಟ್ಟಿದರು. ಮೇಲಿನ ಕಚೇರಿಯಿಂದ ಮೆಚ್ಚುಗೆಯ ಕಾಗದ ಬಂತು. ಅವನು ಅದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ. ಅದೇ ವಾರ ತಂಗಿ ಓಡುತ್ತ ಬಂದಳು. ಆರನೆಯ ಮನೆ ಅವಳ ಗಂಡನ ಹೆಸರಿಗೆ ಬಂದಿತ್ತು. ಅತ್ತೆಮಾವಂದಿರ ಜೊತೆ ಒಂದೇ ಕೋಣೆಯಲ್ಲಿ, ನಡುವೆ ಒಂದು ಬೀರು ನಿಲ್ಲಿಸಿಕೊಂಡು ಹನ್ನೆರಡು ವರ್ಷ ಬಾಳಿದವಳು ಅವಳು. ಅಕ್ಕನ ಕುತ್ತಿಗೆಗೆ ಜೋತುಬಿದ್ದು, ಕಿಟಕಿ ಎರಡಿವೆಯಂತೆ, ಬಾಗಿಲು ತೊರೆಯ ಕಡೆಗೇ ಇದೆಯಂತೆ, ಕೂತಲ್ಲಿಂದ ನಿನ್ನ ಮನೆ ಕಾಣುತ್ತದೆ ಎಂದು ಉಸಿರು ಬಿಡದೆ ಹೇಳಿದಳು.

ಬಣ್ಣದಕ್ಕ ಮೂರು ದಿನ ಬಾಯಿ ಬಿಡಲಿಲ್ಲ. ಹೇಳಿದರೆ ಗಂಡನ ಕೆಲಸವೂ ಹೋಗುತ್ತದೆ, ಮಾನವೂ ಹೋಗುತ್ತದೆ. ಹೇಳದಿದ್ದರೆ ಆ ಗುಡ್ಡದ ಬುಡದಲ್ಲಿ ತಂಗಿ ಮನೆ ಹೂಡುತ್ತಾಳೆ. ನಾಲ್ಕನೆಯ ದಿನ ಬೆಳಿಗ್ಗೆ ಚಹಾದ ಲೋಟ ಮುಂದಿಟ್ಟು, ನೆಲ ನೋಡುತ್ತ ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ. ಪುಸ್ತಕ ತೆಗೆದು ಪೆನ್ಸಿಲು ಹಿಡಿದು, "ಯಾವ್ಯಾವುದು?" ಎಂದ. ಆಕೆ ವರ್ಷವರ್ಷವಾಗಿ ಅರವತ್ತಮೂರು ನಂಬರು ಹೇಳಿದಳು. ಅವನು ಒಂದೊಂದಕ್ಕೂ ಸಣ್ಣ ಗುರುತು ಹಾಕುತ್ತ ಹೋದ. ಮುಗಿದ ಮೇಲೆ ಬಹಳ ಹೊತ್ತು ಪುಟಗಳನ್ನು ನೋಡುತ್ತ ಕೂತ. ಆಕೆಗೆ ನಂಬಿಕೆ ಬಂತು. ತೊರೆಯನ್ನು ಬಲ್ಲವನು, ಏಳನೆಯ ಮೆಟ್ಟಿಲಿನ ಹಿಂದೆ ಏನಿದೆ ಎಂದು ಅವನಿಗೆ ಹೊಳೆಯದೆ ಇರುತ್ತದೆಯೇ?

ಹೊಳೆದಿತ್ತು. ಅವನು ಡ್ರಾಯರಿನಿಂದ ರಬ್ಬರು ತೆಗೆದು ಗುರುತುಗಳನ್ನೆಲ್ಲ ಒಂದೊಂದಾಗಿ ಅಳಿಸಿದ. ಪುಡಿಯನ್ನು ಉಫ್ ಎಂದು ಊದಿದ.

"ನೋಡು, ಕಲ್ಲು ಸಿಕ್ಕಿದೆ, ನಾನು ಬರ್ದಿದ್ದೀನಿ. ಅಷ್ಟೇ. ಇನ್ನೊಂದ್ಸಲ ಈ ಮಾತು ಎತ್ತಿದ್ರೆ ನಿನ್ನನ್ನ ಆ ಹಳ್ಳಕ್ಕೇ ನೂಕ್ತೀನಿ, ನಂಬರು ಹಾಕಿ."

ಆಕೆ ತಂಗಿಯ ಹತ್ತಿರ ಹೋದಳು. ಆ ಮನೆಗೆ ಹೋಗಬೇಡ, ಅಷ್ಟು ಮಾತ್ರ ನನ್ನ ಮಾತು ಕೇಳು ಎಂದಳು. ಕಾರಣವನ್ನೂ ಹೇಳಿದಳು. ತಂಗಿ ಮೊದಲು ನಕ್ಕಳು, ಆಮೇಲೆ ಮುಖ ಸಪ್ಪಗಾಯಿತು, ಆಮೇಲೆ ಗಟ್ಟಿಯಾಯಿತು. ಹನ್ನೆರಡು ವರ್ಷ ಬೀರುವಿನ ಹಿಂದೆ ಬಟ್ಟೆ ಬದಲಾಯಿಸಿದ ಹೆಣ್ಣಿಗೆ ಬೆಟ್ಟದ ಮೇಲಿನ ಮರಳಿನ ಕಥೆ ಹೇಗೆ ಕೇಳಿಸಿತೋ.

"ಅಕ್ಕ, ನಿನಗೆ ತಗಡಿನ ಮನೆ, ನನಗೆ ಹೆಂಚಿನ ಮನೆ. ಅದು ತಾನೇ ಚುಚ್ಚುತ್ತಿರೋದು? ನನ್ನನ್ನ ಸಾಕಿದೆ ಅಂತ ನನ್ನ ಸಂಸಾರಕ್ಕೂ ನೀನೇ ಬಣ್ಣ ಬಳೀಬೇಡ."

ಆ ಮಾತು ಹೇಳಿ ತಂಗಿ ಒಳಗೆ ಹೋದವಳು ಹೊರಗೆ ಬರಲಿಲ್ಲ.

ಉಳಿದದ್ದು ಒಂದೇ ದಾರಿ. ಬಣ್ಣದಕ್ಕ ಹಾರೆ ಹೊತ್ತು ಏಳನೆಯ ಮೆಟ್ಟಿಲಿಗೆ ಹತ್ತಿದಳು. ಎರಡು ಹಗಲು ಮರದ ಹಿಂದಿನ ಮರಳನ್ನು ಅಗೆದಳು. ಎರಡನೆಯ ದಿನ ಮಧ್ಯಾಹ್ನ, ಸೊಂಟದ ಆಳದಲ್ಲಿ, ಹಾರೆಗೆ ಕಲ್ಲು ತಗುಲಿತು. ನಲವತ್ತೊಂದು. ಏಳು ವರ್ಷದ ಹಿಂದೆ ಬಳಿದದ್ದು. ತತ್ತಿಯ ಹಳದಿಯಂತೆ ಹೊಳೆಯುತ್ತಿತ್ತು. ಆಕೆ ಅದನ್ನು ಎದೆಗೊತ್ತಿಕೊಂಡು ಇಳಿದಳು. ಅದೇ ವರ್ಷ ಆಕೆ ಬದಲಿಗೆ ಇಟ್ಟಿದ್ದ ಇನ್ನೊಂದು ನಲವತ್ತೊಂದು ಉರುಳುತ್ತ ಉರುಳುತ್ತ ಅಡ್ಡಗಟ್ಟೆಯ ಗುಂಡಿಗೆ ಬಿದ್ದು, ಮನೆಯ ಜಗಲಿಯ ಮೇಲಿತ್ತು. ಅದರ ಬಣ್ಣ ಅರ್ಧ ಕೆತ್ತಿಹೋಗಿತ್ತು. ಎರಡನ್ನೂ ಚೀಲಕ್ಕೆ ಹಾಕಿಕೊಂಡು ಕಚೇರಿಗೆ ನಡೆದಳು.

ಸಾಹೇಬರು ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಅಳತೆಗಾರನನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಲ್ಲು, ಎರಡರ ಮೇಲೂ ಅದೇ ದುಂಡನೆಯ ನಾಲ್ಕು, ಅದೇ ನೆಟ್ಟನೆಯ ಒಂದು. ಒಂದರ ಬಣ್ಣ ಕೆತ್ತಿಹೋಗಿ ಹಳತಾಗಿದೆ; ಇನ್ನೊಂದು ಹೊಚ್ಚಹೊಸದು. ಯಾವುದು ಏಳು ವರ್ಷದ ಹಿಂದಿನದು ಎಂದು ಕೇಳಿದರೆ ಕಣ್ಣಿದ್ದ ಯಾರು ಬೇಕಾದರೂ ಕೆತ್ತಿಹೋದದ್ದನ್ನೇ ತೋರಿಸುತ್ತಿದ್ದರು.

"ಅಮ್ಮ, ಇದು ನಿನ್ನೆ ಮೊನ್ನೆ ಬಳಿದದ್ದು ಅಲ್ವಾ?" ಎಂದು ಸಾಹೇಬರು ಹೊಳೆಯುವ ಕಲ್ಲನ್ನು ಬೆರಳಿನಿಂದ ತಟ್ಟಿದರು. ದನಿಯಲ್ಲಿ ಸಿಟ್ಟಿರಲಿಲ್ಲ.

ಇಲ್ಲ ಸಾಹೇಬರೇ, ಮರಳಿನಡಿ ಮಲಗಿದ ಕಲ್ಲಿಗೆ ಬಣ್ಣ ಮಾಸುವುದಿಲ್ಲ, ಇವರೇ ನನಗೆ ಹೇಳಿಕೊಟ್ಟದ್ದು, ಬೇಕಾದರೆ ಇವರನ್ನೇ ಕೇಳಿ ಎಂದು ಆಕೆ ಗಂಡನ ಕಡೆ ತಿರುಗಿದಳು. ಸಾಹೇಬರೂ ತಿರುಗಿದರು.

ಅಳತೆಗಾರ ಕಲ್ಲನ್ನು ಎತ್ತಿಕೊಂಡು, ಹಿಂದೊಮ್ಮೆ ಮಾಡಿದಂತೆಯೇ ಅಂಗೈಯಲ್ಲಿ ಹೊರಳಿಸಿದ. ಮೆಲ್ಲಗೆ ಮೇಜಿನ ಮೇಲಿಟ್ಟ.

"ಬಳಿಯೋಳು ಅವಳೇ ಸಾರ್. ಯಾವುದನ್ನ ಯಾವಾಗ ಬಳೀತಾಳೋ ನನಗೇನು ಗೊತ್ತು. ಮಕ್ಕಳಿಲ್ಲದ ಮನೆ. ಈಚೆಗೆ ಸ್ವಲ್ಪ ಹೀಗೆ."

ತಲೆಯ ಪಕ್ಕ ಬೆರಳಾಡಿಸಲಿಲ್ಲ. ಆಡಿಸುವ ಅಗತ್ಯವಿರಲಿಲ್ಲ. ಆಕೆ ಕೊನೆಯದಾಗಿ, ನೀವೇ ಒಂದು ಸಲ ಮೇಲೆ ಬಂದು ಏಳನೆಯ ಮೆಟ್ಟಿಲ ಹಿಂದೆ ಎಷ್ಟು ಕಲ್ಲಿದೆ ನೋಡಿ ಎಂದು ಕೈಮುಗಿದಳು. ಬೆಟ್ಟದ ಮೇಲೆ ಕಲ್ಲಿರದೆ ಇನ್ನೇನು ದವಸ ಇರುತ್ತದೆಯೇ ಎಂದು ಗುಮಾಸ್ತನೊಬ್ಬ ಗೊಣಗಿದ್ದಕ್ಕೆ ಕೋಣೆಯೆಲ್ಲ ನಕ್ಕಿತು. ಸಾಹೇಬರು ನಗಲಿಲ್ಲ. ಆಕೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಅಳತೆಗಾರನಿಗೆ ಎರಡು ದಿನ ರಜೆ ಕೊಟ್ಟರು. ಕಲ್ಲುಗಳೆರಡೂ ಅಲ್ಲೇ ಉಳಿದವು. ಕಾಗದ ಹಾರದಂತೆ ಇಡಲು ಅನುಕೂಲವಾಯಿತು.

ಮನೆಗಳು ಎದ್ದವು. ತಂಗಿ ಆರನೆಯದಕ್ಕೆ ಬಂದಳು. ಬಾಗಿಲು ತೊರೆಯ ಕಡೆಗೇ ಇತ್ತು. ಕೂತಲ್ಲಿಂದ ಅಕ್ಕನ ಮನೆ ಕಾಣುತ್ತಿತ್ತು. ಅಕ್ಕನಿಗೂ ತಂಗಿಯ ಮನೆ ಕಾಣುತ್ತಿತ್ತು. ಎರಡು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಹೀಗೆ ನೋಡಿದರು; ಮಾತಿಲ್ಲ. ಬಣ್ಣದಕ್ಕ ಬಟ್ಟೆ ಒಣಹಾಕಲು ಹೊರಗೆ ಬಂದರೆ ಅತ್ತ ತಂಗಿ ಒಳಗೆ ಹೋಗುವಳು. ಆಕೆ ಬೇಕೆಂದೇ ಬಟ್ಟೆಯನ್ನು ನಿಧಾನವಾಗಿ ಒಣಹಾಕುತ್ತಿದ್ದಳು.

ಎರಡನೆಯ ವರ್ಷದ ಮಳೆ ಮೂರು ದಿನ ಬಿಡದೆ ಹೊಯ್ದಿತು. ಮೂರನೆಯ ದಿನ ಮಧ್ಯಾಹ್ನ ಮೂರರ ಸುಮಾರಿಗೆ ಬಣ್ಣದಕ್ಕ ಪಾತ್ರೆ ತೊಳೆಯುತ್ತಿದ್ದವಳು ತಟ್ಟನೆ ತಲೆ ಎತ್ತಿದಳು. ಏನೋ ನಿಂತುಹೋಗಿತ್ತು. ಮಳೆ ಸುರಿಯುತ್ತಲೇ ಇತ್ತು. ತೊರೆಯ ಸದ್ದು ನಿಂತಿತ್ತು. ಬಾಗಿಲಿಗೆ ಬಂದು ನೋಡಿದರೆ ಅಡ್ಡಗಟ್ಟೆಯ ಮೇಲೆ ನೀರು ಅಂಗೈ ಅಗಲಕ್ಕೆ ಇಳಿದಿದೆ. ಅಷ್ಟು ಮಳೆಯಲ್ಲಿ ತೊರೆ ಬತ್ತುವುದೆಂದರೆ ಒಂದೇ ಅರ್ಥ. ಮೇಲೆ ಎಲ್ಲೋ ದಾರಿ ಕಟ್ಟಿದೆ, ನೀರು ಅದರ ಬೆನ್ನ ಹಿಂದೆ ಏರುತ್ತಿದೆ.

ಒಳಗೆ ಅಳತೆಗಾರನೂ ಕಿವಿಗೊಟ್ಟು ಕೂತಿದ್ದ. ಕಣ್ಣಿಗೆ ಕಣ್ಣು ಕೂಡಿತು. ಆಕೆ ಓಡಿದಳು.

ಕಾಲುಸೇತುವೆ ದಾಟಿ, ಜಾರಿ, ಎದ್ದು, ಮನೆಗಳ ಸಾಲಿನ ಮುಂದೆ ಓಡುತ್ತ ಎಲ್ಲ ಬಾಗಿಲನ್ನೂ ಬಡಿದಳು. ಹಳ್ಳ ಬರ್ತಿದೆ, ಮೇಲಕ್ಕೆ ಓಡಿ, ಮೇಲಕ್ಕೆ ಓಡಿ ಎಂಬ ಅಷ್ಟೇ ಮಾತು. ಮೊದಲ ಮನೆಯವರು ಅಡುಗೆ ಬಿಟ್ಟು ಓಡಿದರು. ಮೂರನೆಯ ಮನೆಯ ಮುದುಕ ಚಪ್ಪಲಿ ಹುಡುಕದೆ ಓಡಿದ. ಆಕೆ ಯಾರೆಂದು ಸರಿಯಾಗಿ ತಿಳಿಯದವರು, ಹೊಸಬರು, ಆ ಮುಖ ನೋಡಿದ್ದೇ ಓಡಿದರು. ಆರನೆಯ ಮನೆಯ ಬಾಗಿಲಲ್ಲಿ ತಂಗಿ ನಿಂತಿದ್ದಳು. ಮಳೆಯಲ್ಲಿ ತೊಯ್ದು ಕೂದಲು ಕೆದರಿ ಕೂಗುತ್ತ ಬರುತ್ತಿರುವ ಅಕ್ಕನನ್ನು ನೋಡಿದಳು. ಊರಿಗೆಲ್ಲ ಗೊತ್ತಿದ್ದ ಅದೇ ಹುಚ್ಚು ಈಗ ತನ್ನ ಮನೆಯ ಮುಂದೆಯೇ ಎದ್ದಿತ್ತು.

ಅವಳು ಬಾಗಿಲು ಮುಚ್ಚಿದಳು. ಚಿಲಕ ಹಾಕಿದ ಸದ್ದು ಬಣ್ಣದಕ್ಕನಿಗೆ ಕೇಳಿಸಿತು.

ಎರಡು ಕೈಯಿಂದ ಬಡಿದಳು. ಪುಟ್ಟಿ, ಬಾಗಿಲು ತೆಗಿ ಎಂದಳು. ಚಿಕ್ಕಂದಿನ ಕರೆ ಅದು. ಒಳಗಿನಿಂದ, "ಮನೆಗೆ ಹೋಗು ಅಕ್ಕ, ನನ್ನ ಮರ್ಯಾದೆ ತೆಗೀಬೇಡ" ಎಂಬ ಮಾತು ಬಂತು. ಅಷ್ಟರಲ್ಲಿ ಬೆಟ್ಟದ ಕಡೆಯಿಂದ ಸದ್ದು ಶುರುವಾಯಿತು. ಅದು ನೀರಿನ ಸದ್ದಲ್ಲ. ಸಾವಿರ ಗಾಡಿಗಳು ಒಟ್ಟಿಗೆ ಕಲ್ಲುಹಾಸಿನ ಮೇಲೆ ಬಂದ ಹಾಗೆ. ಲಾರಿಯ ಕ್ಲೀನರು ಯಾರೋ ಆಕೆಯನ್ನು ತೋಳು ಹಿಡಿದು ಎಳೆದುಕೊಂಡು ಏರಿನ ಮೇಲೆ ಹತ್ತಿಸಿದ. ಆಕೆ ತಿರುಗಿ ನೋಡಿದಾಗ ಮನೆಗಳ ಕೆಳಸಾಲು ಇರಲಿಲ್ಲ. ಬಂಡೆ, ಮರ, ಕೆಸರು ಒಂದರ ಮೇಲೊಂದು ಹೊರಳುತ್ತ ಬಯಲನ್ನು ಸಮ ಮಾಡುತ್ತಿದ್ದವು, ಹಿಂದೊಮ್ಮೆ ಮಾಡಿದ್ದಂತೆಯೇ.

ಸತ್ತವರು ನಾಲ್ಕು ಜನ, ತಂಗಿಯೂ ಸೇರಿ. ಅವಳ ಗಂಡ ಲಾರಿಯ ಕೆಲಸದ ಮೇಲೆ ಹೊರಗಿದ್ದು ಉಳಿದ.

ಐದನೆಯ ದಿನ ಬಿಸಿಲು ಬಂತು. ಕೆಸರು ಒಣಗಿ ಬಿರಿಯತೊಡಗಿದಾಗ ಅಲ್ಲಲ್ಲಿ ಹಳದಿ ಕಾಣಿಸಿತು. ನಿನ್ನೆ ಬಳಿದಂತಹ ಹಳದಿ. ಏಳನೆಯ ಮೆಟ್ಟಿಲು ಒಡೆದು, ಅಷ್ಟು ವರ್ಷ ಮಲಗಿದ್ದ ಕಲ್ಲುಗಳು ಒಂದೇ ಉಸಿರಿಗೆ ಕೆಳಗೆ ಬಂದಿದ್ದವು. ಮೆತ್ತನೆಯ ಕೆಸರಿನಲ್ಲಿ ತೇಲಿ ಬಂದದ್ದರಿಂದ ಹಲವಕ್ಕೆ ಬಣ್ಣವೂ ಕೆತ್ತಿರಲಿಲ್ಲ. ಸಾಹೇಬರು ಒಂದನ್ನು ಎತ್ತಿ ನೋಡಿದರು. ಇನ್ನೊಂದನ್ನು ನೋಡಿದರು. ಕಚೇರಿಗೆ ಹೋಗಿ ಬಾಗಿಲು ಹಾಕಿಕೊಂಡರು. ತಿಂಗಳು ತುಂಬುವುದರೊಳಗೆ ವರ್ಗ ಮಾಡಿಸಿಕೊಂಡು ಹೋದರು.

ಅಳತೆಗಾರ ಕೋಲೂರಿಕೊಂಡು ಪುಸ್ತಕದೊಡನೆ ಬಂದ. ನೆರೆ ಇಳಿದ ಮೇಲೆ ಅಳೆಯಬೇಕೆಂದು ನಿಯಮವಿತ್ತು. ಮೂವತ್ತು ವರ್ಷದ ಅಭ್ಯಾಸ ಅವನ ಕಾಲನ್ನು ಎಳೆದು ತಂದಿತ್ತು. ಒಂದು ಬಂಡೆಯ ಮೇಲೆ ಕೂತು, ಎದುರಿಗೆ ನೋಡದೆ, "ನಂಬರು?" ಎಂದ.

ಬಣ್ಣದಕ್ಕ ಟೇಪು ಹಿಡಿದಳು. ಅತ್ತಿತ್ತ ನಡೆದು, ತಾನು ಬದಲಿ ಇಟ್ಟಿದ್ದವುಗಳ ಮೂಲ ಕಲ್ಲುಗಳಲ್ಲಿ ಹತ್ತೊಂಬತ್ತನ್ನು ಹುಡುಕಿದಳು. ಒಂದೊಂದರ ನಂಬರನ್ನೂ ವರ್ಷವನ್ನೂ ದೂರವನ್ನೂ, ದನಿ ಏರಿಸದೆ ಇಳಿಸದೆ ಹೇಳಿದಳು. ಅವನು ಪುಟ ತಿರುಗಿಸಿದ ಕಡೆಯೆಲ್ಲ ಆ ನಂಬರಿನ ಮುಂದೆ ಆಗಲೇ ತನ್ನ ಕೈಬರಹ ಇತ್ತು: ಸಿಕ್ಕಿದೆ, ಸಿಕ್ಕಿದೆ, ಸಿಕ್ಕಿದೆ. ಜಾಗವಿರಲಿಲ್ಲ. ಅಂಚಿನಲ್ಲಿ ಬರೆಯಿರಿ ಎಂದಳು. ಬರೆದ. ಕೊನೆಗೆ ಹತ್ತೊಂಬತ್ತನೆಯದು.

"ಹದಿನೇಳು. ನಾನು ಬದಲಿ ಕಲ್ಲಿಟ್ಟ ನಾಲ್ಕನೇ ವರ್ಷದ್ದು. ತಂಗಿ ಮನೆ ಹೊಸ್ತಿಲಿಂದ ಮೂರು ಅಡಿ ಒಳಗೆ. ಬರೀರಿ."

ಪೆನ್ಸಿಲು ಕೆಳಗೆ ಬಿತ್ತು. ಆಕೆ ಎತ್ತಿಕೊಂಡು, ಪುಸ್ತಕವನ್ನು ಅವನ ತೊಡೆಯಿಂದ ತನ್ನ ಕಡೆಗೆ ತಿರುಗಿಸಿ, ಆ ಸಾಲನ್ನು ತಾನೇ ಬರೆದಳು. ಆ ಪುಸ್ತಕದಲ್ಲಿ ಆಕೆಯ ಕೈಬರಹ ಅದೊಂದೇ.

ಪುಸ್ತಕ ಮೇಲಿನ ಕಚೇರಿಗೆ ಹೋಯಿತು. ಒಂದೇ ಕಲ್ಲಿಗೆ ಎರಡು ದೂರ ನಿಯಮದಲ್ಲಿಲ್ಲ, ತಡವಾಗಿ ಬರೆದದ್ದನ್ನು ತೆಗೆದುಹಾಕಲಾಗಿದೆ ಎಂಬ ಟಿಪ್ಪಣಿ ಬಂತು. ನೆರೆಯನ್ನು ಯಾರೂ ಊಹಿಸಲಾಗದ ಅನಾಹುತವೆಂದು ಬರೆದರು. ಅಳತೆಗಾರ ನಿವೃತ್ತನಾದ. ಮೆಚ್ಚುಗೆಯ ಕಾಗದ ಇನ್ನೂ ಗೋಡೆಯ ಮೇಲಿದೆ. ಆಕೆ ಅದನ್ನು ತೆಗೆಯಲು ಬಿಡುವುದಿಲ್ಲ, ವಾರಕ್ಕೊಮ್ಮೆ ಗಾಜು ಒರೆಸಿ ಅವನ ಹಾಸಿಗೆಗೆ ನೇರವಾಗಿ ತಿರುಗಿಸಿಡುತ್ತಾಳೆ.

ಈಗ ಅವನ ಇನ್ನೊಂದು ಕಾಲೂ ಏಳುವುದಿಲ್ಲ. ಮಳೆಗಾಲದಲ್ಲಿ ತೊರೆಯ ಸದ್ದು ಏರಿದರೆ ಅವನು ತಲೆ ಎತ್ತಿ ಕಿವಿಗೊಡುತ್ತಾನೆ. ಹಳ್ಳ ಹೇಗಿದೆ, ಒಂದು ಸಲ ಹೊರಗೆ ನೋಡಿ ಹೇಳೆ ಎಂದು ಕೇಳುತ್ತಾನೆ. ಬಣ್ಣದಕ್ಕ ಹೊಸ್ತಿಲ ಮೇಲೆ ಕೂತು ಎದುರಿನ ಕಲ್ಲುಬಯಲನ್ನು ನೋಡುತ್ತಿರುತ್ತಾಳೆ.

"ನಂಬರು ಬೇಕೋ, ಕಥೆ ಬೇಕೋ?"

ಅವನು ಲೋಟಕ್ಕೆ ಚಮಚ ಬಡಿಯುತ್ತಾನೆ. ಆಕೆಗೆ ಕೇಳಿಸುತ್ತದೆ. ಎದ್ದು ಹೋಗುವುದಿಲ್ಲ.